ಹಲ್ಲಿಲ್ಲದ ಬಾಯಲ್ಲಿ ಹನೋಫರ್‌ನ ಹೆಸರುಗಳು

ಹೊಸದುರ್ಗ

ಜರ್ಮನಿಗೆ ಹೋಗಿ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಎರಡೇ ಮಾತು. ಚಳಿ ಹೆಂಗಿತ್ತು, ಖರ್ಚು ಎಷ್ಟಾಯ್ತು. ಚಳಿ ಇತ್ತು. ಖರ್ಚು ಬೇಕಾದವರು ನನ್ನ ಮಗ ಮಂಜನನ್ನು ಕೇಳಿಕೊಳ್ಳಿ. ನಾನು ಬರೆಯುತ್ತಿರುವುದು ಹೆಸರುಗಳ ವಿಷಯ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು, ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ನಾನು ಸೋಬಾನೆ ಹಾಡುವವಳು. ಹೊಸದುರ್ಗ, ಹೊಳಲ್ಕೆರೆ ಕಡೆ ಮದುವೆ ಎಂದರೆ ನನ್ನನ್ನೂ ಗಂಗಕ್ಕನನ್ನೂ ಕರೆಯುತ್ತಾರೆ. ನಾನು ಸಾಲು ಎತ್ತುತ್ತೇನೆ, ಗಂಗಕ್ಕ ಹಿಂದಿನಿಂದ ಹಿಡಿಯುತ್ತಾಳೆ, ಕೂತ ಹೆಂಗಸರೆಲ್ಲ ‘ಸೋ’ ಎನ್ನುತ್ತಾರೆ. ಹಾಡಿನೊಳಗೆ ಎರಡೂ ಮನೆಯವರ ಹೆಸರು ಬರಬೇಕು. ಗಂಡು, ಗಂಡಿನ ತಂದೆ ತಾಯಿ, ಅಜ್ಜ ಅಜ್ಜಿ. ಹೆಣ್ಣಿನ ಕಡೆಯೂ ಹಾಗೆಯೇ. ಸತ್ತವರ ಹೆಸರೂ ಬಿಡುವ ಹಾಗಿಲ್ಲ. ಕರೆದರೆ ಅವರೂ ಬಂದು ಕೂತು ಅಕ್ಕಿಕಾಳು ಹಾಕುತ್ತಾರೆ ಎಂದು ನಮ್ಮ ಕಡೆ ನಂಬಿಕೆ.

ರಾಗ ಕೆಟ್ಟರೆ ಯಾರೂ ಕೇಳುವುದಿಲ್ಲ. ಹೆಸರು ಕೆಟ್ಟರೆ ಕೇಳುತ್ತಾರೆ. ಚಿಕ್ಕಜಾಜೂರಿನ ಒಂದು ಮದುವೆಯಲ್ಲಿ ಬೇರೆ ಊರಿನ ಹಾಡುಗಿತ್ತಿಯೊಬ್ಬಳು ಗಂಡಿನ ಸತ್ತ ಅಜ್ಜನ ಹೆಸರು ಹಾಕುವಲ್ಲಿ ಇನ್ಯಾರದೋ ಹೆಸರು ಹಾಕಿದಳು. ಆ ಅಜ್ಜನ ಹೆಂಡತಿ ಊಟಕ್ಕೂ ಕೂರದೆ ಎದ್ದು ಹೋಗಿ ರೈಲು ಹತ್ತಿದಳು. ಇವತ್ತಿಗೂ ಆ ಎರಡು ಮನೆಯವರು ಒಬ್ಬರಿಗೊಬ್ಬರು ನೀರು ಕೊಡುವುದಿಲ್ಲ.

ಇನ್ನೊಂದು ಕಟ್ಟು ಇದೆ. ನನ್ನ ವಯಸ್ಸಿನವರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ನಮ್ಮ ಮನೆಯ ಮದುವೆಗಳಲ್ಲಿ ಆ ಜಾಗ ಬಂದಾಗ ನಾನು ಸುಮ್ಮನಾಗುತ್ತೇನೆ, ಗಂಗಕ್ಕ ಹೆಸರು ಹಾಕುತ್ತಾಳೆ. ಪಾಸ್‌ಪೋರ್ಟ್ ಆಫೀಸಿನಲ್ಲಿ ಕೇಳಿದಾಗಲೂ ಮಂಜನೇ ಹೇಳಿದ. ನನ್ನವರು ತೀರಿಕೊಂಡಿದ್ದರೂ ಇಲ್ಲೂ ನಾನು ಬರೆಯುವುದಿಲ್ಲ. ‘ಸ’ಕಾರದಿಂದ ಶುರು ಎಂದು ತಿಳಿದರೆ ಸಾಕು.

ಮಂಜ ಸರ್ಕಾರಿ ಬಸ್ಸಿನ ಕಂಡಕ್ಟರು. ಅವನ ಮಗಳು ವೀಣಾ ನರ್ಸು. ಜರ್ಮನಿಯ ಹನೋಫರ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿಯೇ ಒಬ್ಬ ಮರಗೆಲಸದ ಹುಡುಗನನ್ನು ಮೆಚ್ಚಿಕೊಂಡಳು. ಮಂಜ ಒಂದಷ್ಟು ದಿನ ಸರಿಯಾಗಿ ಊಟ ಮಾಡಲಿಲ್ಲ, ಆಮೇಲೆ ಮಾಡಿದ. ಹುಡುಗನ ಅಜ್ಜಿಗೆ ಮಂಡಿ ನೋವು, ವಿಮಾನ ಹತ್ತುವ ಹಾಗಿಲ್ಲ. ಹಾಗಾಗಿ ನಾವೇ ಹೋಗುವುದೆಂದಾಯಿತು.

“ಅಜ್ಜೀ, ಧಾರೆ ಗೀರೆ ಹೆಂಗಾರ ಆಗ್ಲಿ, ಸೋಬಾನೆ ಮಾತ್ರ ನೀನೇ ಹಾಡ್ಬೇಕು” ಎಂದಳು ವೀಣಾ ಫೋನಿನಲ್ಲಿ. “ಇವನ ತಾತ ಹೋದ ವರ್ಷ ತೀರ್ಕಂಡ್ರು. ಇಂಡಿಯಾದ ಅಜ್ಜಿ ಅವ್ರ ಹೆಸರು ಹಿಡಿದು ಕರೀತಾಳೆ ಅಂತ ಇವನು ಅವನಜ್ಜಿಗೆ ಹೇಳ್ಬಿಟ್ಟವನೆ. ಆ ಯಮ್ಮ ಮದುವೆಗೆ ಬರೋದೇ ಅದುಕ್ಕಂತೆ.”

ನನಗೆ ಆಗಲೇ ಚಿಕ್ಕಜಾಜೂರಿನ ರೈಲು ಕಣ್ಣಿಗೆ ಕಟ್ಟಿತು.

ವೀಣಾ ಮೊಬೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕಳಿಸಿದಳು. ಮಂಜ ಓದಿ ಹೇಳಿದ. ಗಂಡಿನ ತಂದೆ ಜರ್ಗನ್, ತಾಯಿ ಜೀಟಾ, ಅಜ್ಜಿ ವಾಲ್‌ಟ್ರಾಡ್, ಸತ್ತ ತಾತ ವೋಲ್ಕರ್. ಗಂಡಿನ ಹೆಸರು ಮಾತ್ರ ವೀಣಾ ಬಾಯಲ್ಲೇ ಕೇಳಿದ್ದೆ, ಯೋಖೆನ್ ಅಂತ.

“ಇಲ್ಲಿ ಜೋಚೆನ್ ಅಂತ ಐತಲ್ಲ” ಎಂದ ಮಂಜ.

“ಅವಳು ಯೋಖೆನ್ ಅಂತಾಳಲ್ಲೋ.”

“ಪ್ರೀತಿಗೆ ಹಂಗೆ ಕರೀತಾಳೆ ಬಿಡವ್ವ. ಮಂಜುನಾಥ ಅಂತಿರೋ ನನ್ನ ನೀನು ಮಂಜ ಅನ್ನಲ್ವಾ?”

ನಾನೂ ಗಂಗಕ್ಕನೂ ಆ ಹೆಸರುಗಳನ್ನು ರಾಗಕ್ಕೆ ಕೂಡಿಸಿ, ಹಾಲುರಾಮೇಶ್ವರಕ್ಕೆ ಹೋಗುವ ಬಸ್ಸಿನಲ್ಲೂ ಬಿಡದೆ ಹಾಡಿಕೊಂಡು ಗಟ್ಟಿ ಮಾಡಿದೆವು. ವೋಲ್ಕರ್ ಎನ್ನುವಾಗ ಗಂಗಕ್ಕನಿಗೆ ನಗು. ನನಗಿರಲಿಲ್ಲ.

ವಿಮಾನ

ನಾನು, ಮಂಜ, ಸೊಸೆ ರತ್ನ ಮೂವರೂ ಹೊರಟೆವು. ವಿಮಾನದ ಊಟದಲ್ಲಿ ಕಲ್ಲಿನಂಥ ಒಂದು ಬನ್ನು ಕೊಟ್ಟರು. ನನ್ನ ಮೇಲಿನ ಸಾಲಿನ ಮುಂದಿನ ಹಲ್ಲುಗಳು ಕಟ್ಟಿಸಿದವು. ಬನ್ನು ಕಚ್ಚಿದರೆ ಒಸಡು ಒತ್ತಿತು. ತೆಗೆದು, ಒರೆಸಿ, ಕಾಗದದ ಕರವಸ್ತ್ರದಲ್ಲಿ ಸುತ್ತಿ ತಟ್ಟೆಯ ಮೂಲೆಗಿಟ್ಟು ಮೊಸರನ್ನ ಉಂಡೆ. ಉಂಡವಳು ಹಾಗೇ ಕಣ್ಣು ಮುಚ್ಚಿದೆ. ಎದ್ದಾಗ ತಟ್ಟೆಯಿಲ್ಲ.

“ಮಂಜ, ನನ್ ತಟ್ಟೆ ಎಲ್ಲಿ?”

“ಆ ಹುಡುಗಿ ತಗಂಡೋದ್ಲು. ಇನ್ನೂ ಹಸಿವೈತಾ?”

“ಹಲ್ಲು ಹೋತಲ್ಲೋ.”

ಅವನು ಹೋಗಿ ಕೇಳಿದ. ಆ ಹುಡುಗಿ ಪಾಪ ಕಸದ ಚೀಲಗಳನ್ನೆಲ್ಲ ತೋರಿಸಿದಳು. ಒಂದರ ಮೇಲೊಂದು ಒತ್ತಿ ಕಟ್ಟಿಟ್ಟಿದ್ದರು, ಊರಿನ ಜನರ ಎಂಜಲೆಲ್ಲ ಅದರಲ್ಲಿ. ಬಿಚ್ಚಿ ಹುಡುಕುತ್ತೇನೆ ಎಂದಳು. ಸಿಕ್ಕಿದರೂ ಬಾಯಿಗೆ ಹಾಕಿಕೊಳ್ಳುವವರು ಯಾರು? ಬೇಡ ಎಂದೆ.

“ಸದ್ಯ, ಹಾಡು ಗಂಟಲಲ್ಲಿ ಐತೆ” ಎಂದೆ ರತ್ನಳಿಗೆ. ಹಾಗೆ ಅಂದುಕೊಂಡಿದ್ದೆ.

ಹನೋಫರ್, ಟ್ರಾಮು

ಮಂಜ ಬೆಂಗಳೂರಿನವರೆಗೂ ‘ಹ್ಯಾನೋವರ್’ ಎನ್ನುತ್ತಿದ್ದ. ಅಲ್ಲಿಳಿದ ಮೇಲೆ ಯಾರೂ ಹಾಗನ್ನಲಿಲ್ಲ. ಹನೋಫರ್. ನಡುವಿನ ‘ವ’ ಅವರ ಬಾಯಲ್ಲಿ ‘ಫ’ ಆಗಿತ್ತು. ನನಗೆ ಸಂಶಯ ಹುಟ್ಟಿದ್ದು ಅಲ್ಲಿಂದ.

ಊರೊಳಗೆ ಟ್ರಾಮು ಎಂಬ ಬಂಡಿ ಓಡುತ್ತದೆ. ರೈಲಿನಂಥದೇ, ಆದರೆ ಅಂಗಡಿಗಳ ನಡುವೆ ಹೋಗುತ್ತದೆ. ಅದರಲ್ಲಿ ಕಂಡಕ್ಟರಿಲ್ಲ. ಮಂಜನಿಗೆ ಅದೇ ದೊಡ್ಡ ಚಿಂತೆ. ವೀಣಾ ಟಿಕೆಟ್ ತೆಗೆದುಕೊಟ್ಟಿದ್ದರೂ ಕೈಯಲ್ಲಿ ಹಿಡಿದು ನಿಂತೇ ಇದ್ದ.

“ಕುಂತ್ಕ ಅಪ್ಪ, ಯಾರೂ ಕೇಳಲ್ಲ” ಎಂದಳು ವೀಣಾ.

“ಕೇಳ್ದೆ ಇದ್ರೆ ತಗಳ್ಳೋರು ಯಾರು?”

“ಎಲ್ರೂ ತಗಂಡವ್ರೆ.”

ಅವನು ಬಂಡಿಯಲ್ಲಿದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದ. ಹಿರಿಯೂರಿನ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಅರ್ಧ ಊರಿನ ಸುದ್ದಿ ಆಗಿರುತ್ತಿತ್ತು. ಇಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಒಂದು ನಾಯಿ ಕೂತಿತ್ತು, ಅದೂ ಸುಮ್ಮನಿತ್ತು.

ಮನೆ ಸೇರಿ ಚಹಾ ಕುಡಿದು, ಹೆಸರು ಕೂಡಿಸಿದ ಸಾಲುಗಳನ್ನು ವೀಣಾಗೆ ಹಾಡಿ ತೋರಿಸಿದೆ. ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

“ಅಜ್ಜೀ, ಇವ್ರೆಲ್ಲ ಯಾರು?”

“ನಿನ್ ಅತ್ತೆ ಮಾವ.”

“ನಮ್ಮ ಮಾವ ಜರ್ಗನ್ ಅಲ್ಲ, ಯುರ್ಗೆನ್. ಅತ್ತೆ ತ್ಸೀಟಾ. ಅಜ್ಜಿ ವಾಲ್ಟ್ರೌಟ್. ತಾತ ಫೋಲ್ಕರ್. ನೀನು ವೋಲ್ಕರ್ ಅಂತ ಕರೆದ್ರೆ ಆ ಯಮ್ಮ ಇವನ್ಯಾರು ಅಂತಾಳೆ.”

ಮಂಜ ಗೋಡೆ ನೋಡುತ್ತಾ ಕೂತ. ಮದುವೆ ಅದೇ ವಾರ ಇತ್ತು.

ವೀಣಳ ಕ್ಲಾಸು

ರಜೆಯ ದಿನ ವೀಣಾ, ನಮ್ಮ ದೇಶದಿಂದ ಹೊಸದಾಗಿ ಬಂದ ನರ್ಸುಗಳಿಗೆ ಅಲ್ಲಿಯ ಮಾತು ಹೇಳಿಕೊಡುತ್ತಾಳೆ. ನನ್ನನ್ನೂ ಕರೆದುಕೊಂಡು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂರಿಸಿದಳು. ಹೆಚ್ಚಿನವರು ಕೇರಳದ ಹುಡುಗಿಯರು. ದಾವಣಗೆರೆಯ ಪುಷ್ಪಾ ಎಂಬುವಳೂ ಇದ್ದಳು. ಎಲ್ಲರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅದೇ ತೊಡಕು ಎಂದಳು ವೀಣಾ. ಅಕ್ಷರ ನೋಡುವುದಕ್ಕೆ ಇಂಗ್ಲಿಷಿನವೇ, ಕೆಲಸ ಮಾತ್ರ ಬೇರೆ. ಕಣ್ಣು ನೋಡಿದ ಕೂಡಲೆ ಬಾಯಿ ಹಳೆಯ ದಾರಿಗೆ ಹೋಗುತ್ತದೆ. ಅವಳಿಗೂ ಒಂದು ವರ್ಷ ಹಾಗೆ ಆಗಿತ್ತಂತೆ. ಮಂಜನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಅವಳು ಪುಸ್ತಕ ತೆಗೆಸಲಿಲ್ಲ. ಎಲ್ಲರ ಮುಂದೆ ಒಂದೊಂದು ಸಣ್ಣ ಕನ್ನಡಿ, ಒಂದು ಮೇಣದ ಬತ್ತಿ. ಇಂಗ್ಲಿಷಿನ ‘ಜೆ’ ಕಂಡರೆ ‘ಯ’ ಅನ್ನಿ. ‘ಡಬ್ಲ್ಯು’ಗೆ ತುಟಿ ಗುಂಡಗೆ ಮಾಡಬೇಡಿ, ನಮ್ಮ ‘ವ’ ಸಾಕು. ‘ಝಡ್’ ಕಂಡರೆ ‘ತ’ವನ್ನೂ ‘ಸ’ವನ್ನೂ ಒಟ್ಟಿಗೆ ಉಗುಳಿ, ‘ತ್ಸ’. ಮಾತಿನ ಕೊನೆಗೆ ‘ಡ’ ಬಂದರೆ ಅದು ಗಟ್ಟಿಯಾಗಿ ‘ಟ’ ಆಗುತ್ತದೆ. ಮಾತಿನ ಮೊದಲಿಗೆ ‘ಸ’ ಬಂದು ಮುಂದೆ ಸ್ವರವಿದ್ದರೆ ಜೇನಿನ ಹಾಗೆ ಗುಂಯ್‌ಗುಡಬೇಕು. ಗಂಟಲ ಮೇಲೆ ಕೈಯಿಟ್ಟು ನೋಡಿಕೊಳ್ಳಿ, ನಡುಗಿದರೆ ಸರಿ. ಯೋಖೆನ್‌ನ ‘ಖ’ ನಮ್ಮ ಖಾರದ ‘ಖ’ ಅಲ್ಲ, ಗಂಟಲ ಹಿಂದಿನಿಂದ ಕ್ಯಾಕರಿಸುವ ಹಾಗೆ, ಆದರೆ ಮೆಲ್ಲಗೆ.

ಕೊನೆಗೆ ‘ವಿ’. ಹೆಚ್ಚಿನ ಕಡೆ ಅದು ‘ಫ’ ಎಂದಳು. “ಮೇಲಿನ ಹಲ್ಲು ಕೆಳತುಟಿ ಮೇಲೆ ಇಡ್ರಿ. ಗಾಳಿ ಬಿಡ್ರಿ. ದೀಪ ಅಲ್ಲಾಡ್ಬೇಕು, ಆರ್ಬಾರ್ದು.”

ಹುಡುಗಿಯರ ದೀಪಗಳೆಲ್ಲ ಅಲ್ಲಾಡಿದವು. ನನ್ನದು ಆರಿತು. ತುಟಿಗೆ ತುಟಿ ಸೇರಿ ‘ಪೋಲ್ಕರ್’ ಆಗಿತ್ತು. ತುಟಿ ಸೇರಿಸದೆ ಅಂದರೆ ‘ಹೋಲ್ಕರ್’, ದೀಪಕ್ಕೆ ಸುದ್ದಿಯೇ ಇಲ್ಲ.

ಪುಷ್ಪಾ ನನ್ನ ಬಾಯಿ ನೋಡಿದಳು. “ವೀಣಕ್ಕ, ಅಜ್ಜಿಗೆ ಇಡಾಕೆ ಹಲ್ಲೇ ಇಲ್ಲಲ್ರಿ.”

“ಇಲ್ಲಿ ಕಟ್ಟಿಸ್ಕಂಡ್ರಾಯ್ತು ಬಿಡ್ರೇ” ಎಂದೆ.

“ಇಲ್ಲಿ ಹಲ್ಲಿನ ಡಾಕ್ಟರು ಸಿಗೋದೇ ತಿಂಗಳ ಮೇಲೆ ಅಜ್ಜಿ” ಎಂದಳು ವೀಣಾ. ಮುಖ ಸಣ್ಣಗಾಗಿತ್ತು.

ಮಾರನೆಯ ದಿನ ಬಾಲ್ಕನಿಯಲ್ಲಿ ನಿಂತು ‘ಖ’ ಕಲಿಯುತ್ತಿದ್ದೆ. ಅದು ಬೇಗ ಬಂತು, ಅದಕ್ಕೆ ಹಲ್ಲು ಬೇಡ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಗಂಡಸು ಬಾಗಿಲು ತಟ್ಟಿ, ಮುದುಕಿಗೆ ಉಸಿರು ಕಟ್ಟಿದೆಯೇ, ಆಂಬುಲೆನ್ಸ್ ಕರೆಯಲೇ ಎಂದು ಕೇಳಿದನಂತೆ. ಇಲ್ಲ, ಜರ್ಮನ್ ಕಲಿಯುತ್ತಿದ್ದಾಳೆ ಎಂದಳಂತೆ ವೀಣಾ. ಹಾಗಾದರೆ ಸರಿ ಎಂದು ಹೋದನಂತೆ.

ವಾಲ್ಟ್ರೌಟ್ ಅವರ ಅಡುಗೆಮನೆ

ಮದುವೆಗೆ ಮುಂಚೆ ಗಂಡಿನ ಅಜ್ಜಿ ನಮ್ಮನ್ನು ಕಾಫಿಗೆ ಕರೆದರು. ನಾನೂ ವೀಣಾನೂ ಹೋದೆವು. ಎತ್ತರದ ಹೆಂಗಸು, ನಗುವವರಲ್ಲ. ಮಂಡಿ ಬಗ್ಗುವುದಿಲ್ಲವಾದರೂ ತಾವೇ ಕಾಫಿ ಬಸಿದರು, ತಾವೇ ಬೇಯಿಸಿದ ಪ್ಲಮ್ ಹಣ್ಣಿನ ಕೇಕು ಕೊಯ್ದರು. ಮಧ್ಯಾಹ್ನದ ಕಾಫಿಗೆ ಕೇಕು ಇರಲೇಬೇಕಂತೆ ಅಲ್ಲಿ. ಅಡುಗೆಮನೆ ಒರೆಸಿ ಒರೆಸಿ ಬಿಳಿಚಿಕೊಂಡಿತ್ತು.

ನಾನು ಕೇಕನ್ನು ಕಾಫಿಯಲ್ಲಿ ಅದ್ದಿ ಅದ್ದಿ ತಿಂದೆ. ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ವೀಣಾ ಕಡೆ ತಿರುಗಿ ಏನೋ ಹೇಳಿದರು.

“ತಾತನ ಹೆಸರು ಹೆಂಗೆ ಹೇಳ್ತೀರ, ಈಗ್ಲೇ ಒಂದ್ಸಲ ಹೇಳ್ರಿ ಅಂತವ್ರೆ” ಎಂದಳು ವೀಣಾ. “ಬ್ಯಾಡ ಅಂತ ಹೇಳ್ಲಾ ಅಜ್ಜಿ?”

“ಯಾಕೆ ಬ್ಯಾಡ? ಅಲ್ಲಿ ಹತ್ತು ಜನರ ಮುಂದೆ ಎದ್ದು ಹೋಗೋದಕ್ಕಿಂತ ಇಲ್ಲೇ ಹೋಗ್ಲಿ” ಎಂದು, ಕೆಳತುಟಿ ಒಳಗೆಳೆದುಕೊಂಡು, ಆದಷ್ಟು ಗಾಳಿ ಬಿಟ್ಟು ಹೇಳಿದೆ. ‘ಹೋಲ್ಕರ್’ ಎಂದೇ ಬಂತು.

ಆ ಯಮ್ಮ ಎದ್ದರು. ಹೊರಗೆ ಹೋಗುತ್ತಾರೆ ಎಂದುಕೊಂಡೆ. ಬಾಗಿಲ ಕಡೆ ಹೋಗದೆ ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಒಂದು ಗಾಜಿನ ಲೋಟದಲ್ಲಿ ಏನೋ ಟಣ್ ಎಂದಿತು. ತಿರುಗಿದಾಗ ಮುಖ ಅರ್ಧಕ್ಕೆ ಇಳಿದಿತ್ತು. ಲೋಟದಲ್ಲಿ ಅವರ ಹಲ್ಲು. ಮೇಲಿನ ಸಾಲು ಪೂರ್ತಿ.

“ಹೋಲ್ಕರ್” ಎಂದರು.

ಥೇಟ್ ನನ್ನ ಹಾಗೆ. ವೀಣಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಹಿಡಿಯಲಿಲ್ಲ, ನಕ್ಕುಬಿಟ್ಟೆ. ಆಮೇಲೆ ಅವರೂ ನಕ್ಕರು, ಒಸಡು ಕಾಣುವ ಹಾಗೆ. ಕೂತುಕೊಂಡು ತಡೆದು ತಡೆದು ಮಾತಾಡಿದರು. ವೀಣಾ ತಿರುಗಿಸಿ ಹೇಳಿದಳು.

“ತಾತನೂ ಕೊನೆಗೆ ಹಲ್ಲು ಹಾಕ್ಕಂತಿರ್ಲಿಲ್ವಂತೆ. ಆಸ್ಪತ್ರೇಲಿ ನರ್ಸ್‌ಗಳು ಬಂದು ಹೆಸರು ಕೇಳಿದ್ರೆ ಹಿಂಗೇ ಹೇಳ್ತಿದ್ರಂತೆ. ಆಮೇಲೆ ಯಾರೂ ಆ ಥರ ಹೇಳಿದ್ದು ಕೇಳಿಲ್ಲಂತೆ.”

“ಹಂಗಾದ್ರೆ ನಡೀತೈತಾ ಕೇಳು.”

“ನಡೀತೈತಂತೆ. ಬೇರೆ ಥರ ಬ್ಯಾಡವೇ ಬ್ಯಾಡಂತೆ.”

ಅಷ್ಟು ದಿನದಲ್ಲಿ ಮೊದಲ ಸಲ ಕಾಫಿ ರುಚಿಯಾಯಿತು. ಇನ್ನೊಂದು ಲೋಟ ಕೇಳಿದೆ.

ಆಗ ಅವರು ನನ್ನ ಯಜಮಾನರ ಹೆಸರು ಕೇಳಿದರು. ನಾನು ಕಿಟಕಿ ನೋಡಿದೆ. ವೀಣಾ ನಮ್ಮ ಕಟ್ಟು ಬಿಡಿಸಿ ಹೇಳಿದಳು, ಗಂಗಕ್ಕನ ವಿಷಯವನ್ನೂ ಹೇಳಿದಳು. ಇಲ್ಲಿ ಮಂಜನೋ ರತ್ನಳೋ ಹಾಕಬಹುದಿತ್ತು. ಆದರೆ ಮಂಜನಿಗೆ ರಾಗ ಹತ್ತುವುದಿಲ್ಲ, ಸೊಸೆ ಮಾವನ ಹೆಸರು ಹೇಳುವುದಿಲ್ಲ. ಆ ಯಮ್ಮ ಹಲ್ಲು ತೊಳೆದು ಹಾಕಿಕೊಂಡು ತಮ್ಮ ಎದೆಯ ಮೇಲೆ ಬೆರಳಿಟ್ಟರು. ತಾನು ಹೇಳುತ್ತೇನೆ ಎಂದು.

ವೀಣಾ ಅವರ ಕಿವಿಯಲ್ಲಿ ಹೆಸರು ಹೇಳಿದಳು. ಅವರು ಹೇಳಿದರು. ಮೊದಲಿನ ‘ಸ’ ಜೇನಿನ ಹಾಗೆ ಗುಂಯ್ ಎಂದು ‘ಝ’ ಆಗಿತ್ತು. ನಾನು ಗಂಟಲ ಮೇಲೆ ಕೈಯಿಟ್ಟುಕೊಂಡು, ನಡುಗಬಾರದು, ಬರೀ ಗಾಳಿ ಎಂದು ಹಾವಿನ ಹಾಗೆ ಬುಸ್ಸೆಂದು ತೋರಿಸಿದೆ. ಅವರೂ ಕೈಯಿಟ್ಟುಕೊಂಡರು. ಬರೀ ‘ಸ’ ಬರುತ್ತಿತ್ತು. ಹೆಸರಿಗೆ ಕೂಡಿಸಿದರೆ ಮತ್ತೆ ‘ಝ’. ಇಬ್ಬರು ಮುದುಕಿಯರು ಎದುರುಬದುರು ಗಂಟಲು ಹಿಡಿದುಕೊಂಡು ಬುಸ್‌ಗುಡುತ್ತಾ ಕೂತಿದ್ದೆವು. ಕೊನೆಗೆ ನಾನೇ “ಇರ್ಲಿ ಬಿಡ್ರಿ” ಎಂದೆ. ವೀಣಾ ತಿರುಗಿಸುವ ಮೊದಲೇ ಅವರಿಗೆ ಅರ್ಥವಾಯಿತು.

ತೋಟದ ಗುಡಿಸಲು

ಊರಿನ ಅಂಚಿನಲ್ಲಿ ಬಾಡಿಗೆ ತೋಟಗಳಿವೆ. ನಮ್ಮ ಕಣದಷ್ಟು ಜಾಗ, ಅದಕ್ಕೊಂದು ಮರದ ಗುಡಿಸಲು, ಸುತ್ತ ಬೇಲಿ. ಬೇಲಿ ಎಷ್ಟು ಎತ್ತರ ಇರಬೇಕು, ಏನು ಬೆಳೆಯಬೇಕು ಎಲ್ಲಕ್ಕೂ ಕಾನೂನು. ಸ್ವಂತ ಹೊಲವಿದ್ದು ಕಳೆ ಕೀಳದವರನ್ನು ನಾನು ಬಲ್ಲೆ. ಇವರು ಬಾಡಿಗೆ ಕೊಟ್ಟು ಕಳೆ ಕೀಳುತ್ತಾರೆ. ಫೋಲ್ಕರ್ ತಾತನ ತೋಟದಲ್ಲೇ ಮದುವೆಯ ಊಟ. ಕಚೇರಿಯಲ್ಲಿ ಸಹಿ ಹಾಕಿ ಬಂದ ಮೇಲೆ ವೀಣಾ ಯೋಖೆನ್ ಇಬ್ಬರನ್ನೂ ಸೇಬಿನ ಮರದ ಕೆಳಗೆ ಕೂರಿಸಿದೆವು.

ಹಾಡು ಎತ್ತಬೇಕು ಎನ್ನುವಷ್ಟರಲ್ಲಿ ಯುರ್ಗೆನ್ ಗಡಿಯಾರ ತೋರಿಸಿ ಕೈ ಅಡ್ಡ ಮಾಡಿದರು. ಮಧ್ಯಾಹ್ನ ಸದ್ದು ಮಾಡುವ ಹಾಗಿಲ್ಲವಂತೆ, ಅದೂ ಕಾನೂನು. ಅರಿಶಿನದ ಅಕ್ಕಿ ಕೈಯಲ್ಲಿ ಹಿಡಿದುಕೊಂಡು ಎಲ್ಲರೂ ಸುಮ್ಮನೆ ಕೂತೆವು. ಮುಹೂರ್ತ ಕಾಯುವುದು ನನಗೆ ಹೊಸದಲ್ಲ. ಅಂಜಿಕೆ ಮಾತ್ರ ಹೊಸದು. ಅಡುಗೆಮನೆಯಲ್ಲಿ ಒಪ್ಪಿದ್ದು ಸರಿ, ಜನರ ಮುಂದೆ ಆ ಯಮ್ಮನ ಮನಸ್ಸು ಏನೆನ್ನುತ್ತದೋ.

ಹೊತ್ತಾಯಿತು. ಎತ್ತಿದೆ. ವೀಣಾ ಮೊದಲೇ ಹೇಳಿಕೊಟ್ಟಿದ್ದಕ್ಕೆ ಸಾಲಿನ ಕೊನೆಗೆ ಎಲ್ಲರೂ ‘ಸೋ’ ಎನ್ನಬೇಕಿತ್ತು. “ಝೋ” ಎಂದರು. ತೋಟದಲ್ಲಿ ಜೇನು ಎದ್ದ ಹಾಗಾಯಿತು. ಯೋಖೆನ್ ಎಂದೆ, ಸರಿಯಾಗಿ ಗಂಟಲಿಂದ ಬಂತು. ಯುರ್ಗೆನ್. ತ್ಸೀಟಾ ಎನ್ನುವಾಗ ಸ್ವಲ್ಪ ಉಗುಳು ಹಾರಿತು. ಆ ಹೆಂಗಸು ತನ್ನ ಹೆಸರು ಕೇಳಿ ನೆಟ್ಟಗೆ ಕೂತಳು. ವಾಲ್ಟ್ರೌಟ್. ಆಮೇಲೆ ತಾತ.

“ಹೋಲ್ಕರ್” ಎಂದು ಹಾಡಿದೆ.

ಹಿಂದೆ ಯಾರೋ ಕಿಸಕ್ಕೆಂದರು. ಯುರ್ಗೆನ್ ತಟ್ಟನೆ ತಲೆಯೆತ್ತಿ ತನ್ನ ತಾಯಿಯ ಮುಖ ನೋಡಿದರು. ಝೋ ಎನ್ನುವವರು ಇಲ್ಲ. ಆ ಯಮ್ಮ ಹಲ್ಲು ಹಾಕಿಕೊಂಡೇ ಬಂದಿದ್ದರು, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎಲ್ಲರಿಗಿಂತ ಮೊದಲು, ಒಬ್ಬರೇ, ದೊಡ್ಡ ದನಿಯಲ್ಲಿ “ಝೋ” ಎಂದರು. ಹಿಂದೆಯೇ ತೋಟವೆಲ್ಲ ಎಂದಿತು.

ಇನ್ನು ಹೆಣ್ಣಿನ ಕಡೆ. ವೀಣಾ, ಮಂಜ, ರತ್ನ ಆದ ಮೇಲೆ ಅಜ್ಜನ ಹೆಸರು. ಸಾಲು ಎತ್ತಿ, ಆ ಜಾಗಕ್ಕೆ ಬಂದು ನಿಲ್ಲಿಸಿದೆ. ರೂಢಿಯಿಂದ ಗಂಗಕ್ಕ ಕೂರುವ ಬಲಗಡೆಗೆ ತಿರುಗಿದೆ, ಅಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನು ಇತ್ತು. ವಾಲ್ಟ್ರೌಟ್ ಎರಡೂ ಕೈ ಊರಿ, ಆ ಮಂಡಿ ಹೊತ್ತುಕೊಂಡು ಎದ್ದರು. ನನ್ನ ಯಜಮಾನರ ಹೆಸರನ್ನು, ‘ಝ’ಕಾರದಿಂದ ಶುರುಮಾಡಿ, ರಾಗವಿಲ್ಲದೆ, ಆಸ್ಪತ್ರೆಯಲ್ಲಿ ಪೇಷಂಟನ್ನು ಕೂಗುವ ಹಾಗೆ ಕೂಗಿದರು.

ಮಂಜ ಮೊದಲು ನಕ್ಕ. ಆಮೇಲೆ ಟವೆಲ್ ತೆಗೆದು ಮುಖ ಒರೆಸಿಕೊಂಡ. ನಾನು ಮುಂದಿನ ಸಾಲು ಎತ್ತಿದೆ. ಮದುವೆಯಲ್ಲಿ ನಿಂತುಬಿಟ್ಟರೆ ರಾಗ ತಪ್ಪುತ್ತದೆ.

ಅಕ್ಕಿಕಾಳು ಬಿದ್ದವು. ಯಾರೂ ಎದ್ದು ಹೋಗಲಿಲ್ಲ. ಎದೆಯ ಮೇಲಿನ ಭಾರ ಇಳಿದು ಸರಿಯಾಗಿ ಹಸಿವಾಯಿತು. ಆಲೂಗಡ್ಡೆ ಪಲ್ಯದಂಥದೊಂದು ತಣ್ಣಗೆ ಮಾಡಿದ್ದರು, ಖಾರವಿಲ್ಲ, ಆದರೆ ಮೆತ್ತಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಚಿತ್ರದುರ್ಗ

ವಾಪಸು ಬಂದ ದಿನವೇ ಗಂಗಕ್ಕ ಬಂದು ಕೂತಳು.

“ನನ್ ಬದ್ಲಿ ಯಾರು ಹಿಡ್ಕಂಡ್ರೇ ತಿಪ್ಪಕ್ಕ?”

“ಬೀಗಿತ್ತಿ ಅತ್ತೆ.”

“ಹೆಸರು ಸರಿಯಾಗಿ ಹಾಕಿದ್ಲಾ?”

“ಇಲ್ಲ.”

“ಅಷ್ಟೇ ಮತ್ತೆ” ಎಂದು ಅವಳಿಗೆ ಸಮಾಧಾನವಾಯಿತು.

ಹಲ್ಲಿಗೆ ಚಿತ್ರದುರ್ಗದ ಡಾಕ್ಟರ ಹತ್ತಿರ ಹೋದೆ. ಅಳತೆ ತೆಗೆದು, ಕರೆದ ದಿನ ಹೋದರೆ ಹೊಸದು ಕೂರಿಸಿದರು. ಹುಡುಗ ಡಾಕ್ಟರು.

“ಏನಾದ್ರೂ ಮಾತಾಡಿ ನೋಡ್ರಿ ಅಜ್ಜಿ, ಗಾಳಿ ಹೋಗ್ತೈತಾ?”

“ಫೋಲ್ಕರ್” ಎಂದೆ. ಹಲ್ಲು ತುಟಿಯ ಮೇಲೆ ಸರಿಯಾಗಿ ಕೂತಿತು. ದೀಪವಿದ್ದಿದ್ದರೆ ಅಲ್ಲಾಡುತ್ತಿತ್ತು, ಆರುತ್ತಿರಲಿಲ್ಲ.

“ಅಂದ್ರೇನು?”

“ಬೀಗರ ಹೆಸರು.”

ಹೊರಗೆ ಬಂದವಳೇ ಮಂಜನಿಗೆ ಹೇಳಿ ವೀಣಾಗೆ ಫೋನು ಹಚ್ಚಿಸಿದೆ. ವಾಲ್ಟ್ರೌಟ್ ಅವರ ಮನೆಯಲ್ಲೇ ಇದ್ದಳು. ಕೇಳಿಸು ಎಂದು, ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಗಟ್ಟಿಯಾಗಿ, ಒಂದು ತಪ್ಪಿಲ್ಲದೆ ಆ ಹೆಸರು ಹೇಳಿದೆ. ಆ ಕಡೆ ಏನೋ ಮಾತು.

“ತುಂಬಾ ಚೆನ್ನಾಗಿ ಬಂತಂತೆ ಅಜ್ಜಿ” ಎಂದಳು ವೀಣಾ. “ಆದ್ರೆ ಇದು ಎಲ್ರೂ ಹೇಳೋ ಹಂಗೇ ಐತಂತೆ. ಮೊದ್ಲು ಹೇಳ್ತಿದ್ರಲ್ಲ, ಆ ಥರ ಒಂದ್ಸಲ ಹೇಳ್ತೀರಾ ಅಂತ ಕೇಳ್ತವ್ರೆ.”

ಮಂಜನ ಕೈಗೆ ಫೋನು ಕೊಟ್ಟು, ಹೊಸ ಹಲ್ಲು ತೆಗೆದು ಸೆರಗಿಗೆ ಗಂಟು ಹಾಕಿಕೊಂಡು, ಇನ್ನೊಂದು ಸಲ ಹೇಳಿದೆ.